ಜಾಲತಾಣದ ಪುಟಗಳು ನಿಧಾನವಾಗಿ ತೆರೆದುಕೊಂಡಾಗ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಋಣಭಾರ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಕಚೇರಿಗಳಿಗೆ ಅಲೆಯದೆ ಅಂತರ್ಜಾಲದ ಮೂಲಕವೇ ಅರ್ಜಿ ಸಲ್ಲಿಸುವ ಸೌಲಭ್ಯವನ್ನು ರಾಜ್ಯದ ನಾಗರಿಕರಿಗೆ ಕಲ್ಪಿಸಲಾಗಿದೆ. ಸದರಿ ಸೌಲಭ್ಯವನ್ನು ಬಳಸುವಾಗ ಪುಟವು ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುವುದು, ಅರ್ಧ ತುಂಬಿದ ಅರ್ಜಿಯು ಪರದೆಯಿಂದ ಅಳಿಸಿಹೋಗುವುದು, ಶುಲ್ಕ ಕಡಿತವಾದ ಮೇಲೂ ರಸೀದಿ ದೊರೆಯದಿರುವುದು ಮುಂತಾದ ತೊಂದರೆಗಳು ಅರ್ಜಿದಾರರ ಅನುಭವಕ್ಕೆ ಬರುತ್ತಿರುತ್ತವೆ. ಇಂತಹ ಎಲ್ಲ ಸಂದರ್ಭಗಳಿಗೂ ಜನರು ಬಳಸುವ ಮಾತು ಒಂದೇ: "ಸರ್ವರ್ ಇಲ್ಲ."

ಈ ಮಾತು ಕೆಲವೊಮ್ಮೆ ನಿಜ; ಅನೇಕ ವೇಳೆ ನಿಜವಲ್ಲ. ವಿಳಂಬವು ಇಲಾಖೆಯ ಸರ್ವರಿನಲ್ಲಿ ಇರಬಹುದು, ಅರ್ಜಿದಾರರ ಅಂತರ್ಜಾಲ ಸಂಪರ್ಕದಲ್ಲಿ ಇರಬಹುದು, ಇಲ್ಲವೇ ಅವರ ಗಣಕಯಂತ್ರ ಅಥವಾ ಮೊಬೈಲಿನ ಬ್ರೌಸರ್ ತಂತ್ರಾಂಶದಲ್ಲಿಯೇ ಇರಬಹುದು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಎಲ್ಲಿ ತೊಂದರೆಯಿದೆಯೆಂದು ತಿಳಿಯದೆ ಬ್ರೌಸರಿನಲ್ಲಿರುವುದನ್ನೆಲ್ಲ ಅಳಿಸಿಹಾಕುವುದು, ಹೊಸ ತಂತ್ರಾಂಶ ಅಳವಡಿಸುವುದು, ಪಾವತಿ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು, ಇವೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ. ಆದುದರಿಂದ ಮೊದಲು ವಿಳಂಬದ ಸ್ಥಾನವನ್ನು ಪತ್ತೆ ಮಾಡುವ ಕ್ರಮವನ್ನೂ, ತರುವಾಯ ಆಯಾ ತೊಂದರೆಗೆ ಕೈಗೊಳ್ಳಬಹುದಾದ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ವಿಳಂಬವು ಎಲ್ಲಿದೆ ಎಂಬುದನ್ನು ತಿಳಿಯುವ ಬಗೆ

ಅರ್ಜಿದಾರರು ಜಾಲತಾಣದ ವಿಳಾಸವನ್ನು ನಮೂದಿಸಿದ ಕೂಡಲೆ ಬ್ರೌಸರ್ ಆ ಹೆಸರಿಗೆ ಸಂಬಂಧಿಸಿದ ಅಂಕಿಗಳ ವಿಳಾಸವನ್ನು ಹುಡುಕುತ್ತದೆ, ಆ ವಿಳಾಸದಲ್ಲಿರುವ ಸರ್ವರಿನೊಂದಿಗೆ ಸಂಪರ್ಕ ಸಾಧಿಸುತ್ತದೆ ಮತ್ತು ಪುಟವನ್ನು ಕಳುಹಿಸುವಂತೆ ಕೋರುತ್ತದೆ. ಸರ್ವರ್ ತನ್ನ ದತ್ತಾಂಶದಿಂದ ಪುಟವನ್ನು ಸಿದ್ಧಪಡಿಸಿ ಕಳುಹಿಸುತ್ತದೆ. ಪುಟದ ಅಕ್ಷರಗಳು, ಚಿತ್ರಗಳು, ಲಿಪಿಯ ಕಡತಗಳು, ಗುಂಡಿಗಳನ್ನು ನಡೆಸುವ ಸಣ್ಣ ಕಾರ್ಯಕ್ರಮಗಳು ಬಿಡಿಬಿಡಿಯಾಗಿ ಬರುತ್ತವೆ. ಅವುಗಳನ್ನು ಜೋಡಿಸಿ ಪರದೆಯ ಮೇಲೆ ತೋರಿಸುವುದು ಬ್ರೌಸರಿನ ಕೆಲಸ. ಈ ಹಂತಗಳಲ್ಲಿ ಯಾವುದೊಂದು ತಡವಾದರೂ ಅರ್ಜಿದಾರರಿಗೆ ಕಾಣುವುದು ಒಂದೇ ದೃಶ್ಯ: ಬಿಳಿಯ ಪರದೆ ಮತ್ತು ಸುತ್ತುತ್ತಿರುವ ವೃತ್ತ.

ಆ ವೃತ್ತವೂ ಒಂದು ಸುಳಿವನ್ನು ಕೊಡುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಗಣಕಯಂತ್ರದಲ್ಲಿ ಕ್ರೋಮ್ ಬ್ರೌಸರನ್ನು ಬಳಸುವಾಗ ಟ್ಯಾಬಿನ ಮೇಲಿನ ಸಣ್ಣ ವೃತ್ತವು ಮೊದಲು ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ಸುತ್ತುತ್ತದೆ. ಕೋರಿಕೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ ಎಂಬುದು ಇದರ ಅರ್ಥ. ಉತ್ತರ ಬರತೊಡಗಿದ ಮೇಲೆ ಅದು ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ವಿರುದ್ಧ ದಿಕ್ಕಿನಲ್ಲಿಯೇ ನಿಮಿಷಗಟ್ಟಲೆ ಸುತ್ತುತ್ತಿದ್ದಲ್ಲಿ ತೊಂದರೆಯು ಸರ್ವರಿನಲ್ಲಿ ಅಥವಾ ಸಂಪರ್ಕದಲ್ಲಿದೆ; ಬ್ರೌಸರಿನಲ್ಲಿ ಏನನ್ನು ಅಳಿಸಿದರೂ ಪ್ರಯೋಜನವಾಗುವ ಸಂಭವ ಕಡಿಮೆ. ಸರಿಯಾದ ದಿಕ್ಕಿಗೆ ತಿರುಗಿದ ಮೇಲೂ ಪುಟವು ಪೂರ್ಣಗೊಳ್ಳದಿದ್ದಲ್ಲಿ ಪುಟದ ಭಾಗಗಳು ನಿಧಾನವಾಗಿ ಬರುತ್ತಿವೆ ಅಥವಾ ಅವುಗಳನ್ನು ಜೋಡಿಸಲು ಯಂತ್ರವು ಹೆಣಗುತ್ತಿದೆ ಎಂದು ತಿಳಿಯಬಹುದು.

ಇದರ ಜೊತೆಗೆ ಮೂರು ಸರಳ ಪರೀಕ್ಷೆಗಳನ್ನು ಮಾಡಿದರೆ ಚಿತ್ರ ಬಹುತೇಕ ಸ್ಪಷ್ಟವಾಗುತ್ತದೆ. ಮೊದಲನೆಯದಾಗಿ, ಅದೇ ಬ್ರೌಸರಿನಲ್ಲಿ ಇಲಾಖೆಗೆ ಸಂಬಂಧಪಡದ ಬೇರೆ ಎರಡು ಜಾಲತಾಣಗಳನ್ನು ತೆರೆದು ನೋಡತಕ್ಕದ್ದು. ಅವು ಬೇಗನೆ ತೆರೆದುಕೊಂಡು ಇಲಾಖೆಯ ಪುಟ ಮಾತ್ರ ನಿಂತಿದ್ದರೆ ಸಂಪರ್ಕದ ಮೇಲಿನ ಸಂದೇಹ ಕಡಿಮೆಯಾಗುತ್ತದೆ. ಎರಡನೆಯದಾಗಿ, ಇಲಾಖೆಯ ಅದೇ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡತಕ್ಕದ್ದು. ಆದರೆ ಮನೆಯ ವೈ-ಫೈ ಸಂಪರ್ಕವನ್ನು ತೆಗೆದು ಮೊಬೈಲಿನ ಸ್ವಂತ ಡೇಟಾ ಬಳಸಬೇಕು. ಒಂದೇ ವೈ-ಫೈಯಲ್ಲಿ ಎರಡು ಯಂತ್ರಗಳನ್ನು ಹೋಲಿಸಿದರೆ ಸಂಪರ್ಕದ ಬಗ್ಗೆ ಏನೂ ತಿಳಿಯುವುದಿಲ್ಲ. ಮೂರನೆಯದಾಗಿ, ಪುಟವನ್ನು ಖಾಸಗಿ ಕಿಟಕಿಯಲ್ಲಿ ತೆರೆಯಬೇಕು. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು, ಫೈರ್‌ಫಾಕ್ಸಿನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ಕಿಟಕಿ ತೆರೆಯುತ್ತದೆ. ಹಿಂದೆ ಸಂಗ್ರಹವಾದ ಕಡತಗಳನ್ನು ಇದು ಬಳಸುವುದಿಲ್ಲ. ಬ್ರೌಸರಿಗೆ ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶಗಳೂ, ಬಳಕೆದಾರರು ವಿಶೇಷ ಅನುಮತಿ ನೀಡಿರದಿದ್ದಲ್ಲಿ, ಇದರಲ್ಲಿ ಕೆಲಸ ಮಾಡುವುದಿಲ್ಲ. ಖಾಸಗಿ ಕಿಟಕಿಯಲ್ಲಿ ಪುಟ ಸರಾಗವಾಗಿ ತೆರೆದುಕೊಂಡರೆ ತೊಂದರೆ ಅರ್ಜಿದಾರರ ಬ್ರೌಸರಿನಲ್ಲಿಯೇ ಇದೆಯೆಂದು ತಿಳಿಯತಕ್ಕದ್ದು.

ಪರದೆಯ ಮೇಲೆ ದೋಷದ ಸಂಖ್ಯೆ ಕಾಣಿಸಿಕೊಂಡಲ್ಲಿ ಇಷ್ಟು ಪರೀಕ್ಷೆಯೂ ಬೇಕಿಲ್ಲ. 502, 503 ಮತ್ತು 504 ಎಂಬ ಸಂಖ್ಯೆಗಳು ಸರ್ವರಿನ ಕಡೆಯ ತೊಂದರೆಯನ್ನು ಸೂಚಿಸುತ್ತವೆ. 503 ಎಂದರೆ ಸೇವೆಯು ತಾತ್ಕಾಲಿಕವಾಗಿ ಲಭ್ಯವಿಲ್ಲ, 504 ಎಂದರೆ ಒಳಗಿನ ಮತ್ತೊಂದು ಸರ್ವರಿನಿಂದ ನಿಗದಿತ ಅವಧಿಯಲ್ಲಿ ಉತ್ತರ ಬರಲಿಲ್ಲ ಎಂದರ್ಥ. 404 ಎಂಬುದು ವಿಳಂಬವೇ ಅಲ್ಲ, ಆ ವಿಳಾಸದಲ್ಲಿ ಪುಟವೇ ಇಲ್ಲ ಎಂಬ ಸೂಚನೆ.

ಸರ್ವರಿನ ಮೇಲೆ ಒತ್ತಡವಿದ್ದಾಗ

ಒಂದೇ ಸೇವೆಗೆ ಒಂದೇ ವೇಳೆಯಲ್ಲಿ ಲಕ್ಷಾಂತರ ಜನರು ಅರ್ಜಿ ಸಲ್ಲಿಸಲು ಮುಂದಾದಾಗ ಸರ್ವರ್ ನಿಧಾನವಾಗುವುದು ಸಹಜ. 2023ರ ಜೂನ್ 18ರಂದು ಸೇವಾ ಸಿಂಧು ಮೂಲಕ ಗೃಹಜ್ಯೋತಿ ಯೋಜನೆಯ ನೋಂದಣಿ ಆರಂಭವಾದಾಗ ಮೊದಲ ದಿನಗಳಲ್ಲಿ ಇದೇ ಪರಿಸ್ಥಿತಿ ಉಂಟಾಗಿತ್ತು. ಅರ್ಜಿಯ ಕೊನೆಯ ದಿನಾಂಕದಂದು ಸಂಜೆ ಇದು ಮತ್ತೆ ಮತ್ತೆ ಕಂಡುಬರುವ ಸಂಗತಿ. ಕೊನೆಯ ದಿನದವರೆಗೆ ಕಾಯಬಾರದೆಂದು ಪ್ರತಿ ಪ್ರಕಟಣೆಯಲ್ಲಿಯೂ ತಿಳಿಸಲಾಗುತ್ತಿದ್ದರೂ, ದಾಖಲೆಗಳು ಒದಗಿಬರುವುದೇ ಕೊನೆಯ ದಿನವಾದರೆ ಅರ್ಜಿದಾರರಾದರೂ ಏನು ಮಾಡಿಯಾರು? ಅಂತಹವರು ಕನಿಷ್ಠಪಕ್ಷ ಲಾಗಿನ್ ಖಾತೆಯನ್ನು ಮೊದಲೇ ತೆರೆದು, ಹೆಸರು, ವಿಳಾಸ ಮುಂತಾದ ಲಭ್ಯವಿರುವ ವಿವರಗಳನ್ನು ತುಂಬಿ, ಅವಕಾಶವಿರುವ ಕಡೆ ಅರ್ಜಿಯನ್ನು ಕರಡಾಗಿ ಉಳಿಸಿಕೊಂಡಿರುವುದು ಸೂಕ್ತ. ಕೊನೆಯ ದಿನ ದಾಖಲೆಯನ್ನು ಲಗತ್ತಿಸುವ ಕೆಲಸವಷ್ಟೇ ಉಳಿಯುತ್ತದೆ.

ಸರ್ವರ್ ನಿಧಾನವಾಗಿರುವಾಗ ಪುಟವನ್ನು ಪದೇ ಪದೇ ರಿಫ್ರೆಶ್ ಮಾಡುವುದರಿಂದ ಲಾಭವಿಲ್ಲ. ಪ್ರತಿ ಸಲ ಒತ್ತಿದಾಗಲೂ ಹೊಸ ಕೋರಿಕೆಯೊಂದು ಹೋಗುತ್ತದೆ. ಹಳೆಯ ಕೋರಿಕೆಯ ಮೇಲೆ ಸರ್ವರ್ ಮಾಡಿದ ಕೆಲಸ ವ್ಯರ್ಥವಾಗುವುದಲ್ಲದೆ ಅರ್ಜಿದಾರರು ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಕಚೇರಿಯ ವೇಳೆಯನ್ನು ಬಿಟ್ಟು ಬೆಳಗಿನ ಜಾವ ಅಥವಾ ರಾತ್ರಿ ತಡವಾಗಿ ಪ್ರಯತ್ನಿಸುವುದೇ ಇಲ್ಲಿ ಇರುವ ಪರಿಹಾರ. ಗಣಕಯಂತ್ರವನ್ನು ರಿಪೇರಿಗೆ ಒಯ್ಯುವ ಅಗತ್ಯವಿಲ್ಲ.

ಮತ್ತೊಂದು ಅಂಶವನ್ನು ಇಲ್ಲಿಯೇ ತಿಳಿಸುವುದು ಅವಶ್ಯ. ಲಾಗಿನ್ ಆದ ಬಳಿಕ ಸ್ವಲ್ಪ ಕಾಲ ಯಾವುದೇ ಚಟುವಟಿಕೆ ಇಲ್ಲದಿದ್ದರೆ ಸರ್ವರ್ ಆ ಅಧಿವೇಶನವನ್ನು ತಾನಾಗಿಯೇ ಮುಕ್ತಾಯಗೊಳಿಸುತ್ತದೆ. ಸೈಬರ್ ಕೇಂದ್ರದಲ್ಲಿ ಒಬ್ಬರು ಎದ್ದು ಹೋದ ಮೇಲೆ ಮತ್ತೊಬ್ಬರು ಅವರ ಖಾತೆಯನ್ನು ನೋಡಬಾರದೆಂಬುದೇ ಇದರ ಉದ್ದೇಶ. ಆದರೆ ಪರದೆಯ ಮೇಲಿನ ಅರ್ಜಿಯಲ್ಲಿ ಅಕ್ಷರಗಳನ್ನು ಬೆರಳಚ್ಚು ಮಾಡುತ್ತಿರುವುದು ಸರ್ವರಿಗೆ ತಿಳಿಯುವುದಿಲ್ಲ. ಉಳಿಸು ಅಥವಾ ಮುಂದೆ ಎಂಬ ಗುಂಡಿಯನ್ನು ಒತ್ತಿದಾಗ ಮಾತ್ರ ತಿಳಿಯುತ್ತದೆ. ಹೀಗಾಗಿ ಒಂದೊಂದು ದಾಖಲೆಯನ್ನೂ ಹುಡುಕಿ ತಂದು ನಿಧಾನವಾಗಿ ತುಂಬಿದ ಅರ್ಜಿಯು ಸಲ್ಲಿಸುವ ಕ್ಷಣದಲ್ಲಿ ಇಲ್ಲವಾಗುತ್ತದೆ. ಇದು ಪುಟದ ನಿಧಾನವಲ್ಲ. ಪಡಿತರ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಸರ್ವೆ ನಂಬರ್ ಇತ್ಯಾದಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಅರ್ಜಿಗೆ ಕುಳಿತರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಸಂಪರ್ಕದಲ್ಲಿ ತೊಂದರೆಯಿದ್ದಾಗ

ಮೊಬೈಲ್ ಡೇಟಾ ಬಳಸುವವರಲ್ಲಿ ಸಂಜೆಯ ವೇಳೆಗೆ ಕಂಡುಬರುವ ನಿಧಾನಕ್ಕೆ ಸಾಮಾನ್ಯವಾದ ಕಾರಣವೊಂದಿದೆ. ಅನೇಕ ಯೋಜನೆಗಳಲ್ಲಿ ದಿನಕ್ಕೆ ಇಷ್ಟು ಜಿಬಿ ಎಂಬ ಮಿತಿಯಿದ್ದು, ಅದು ಮುಗಿದ ಬಳಿಕ ಸಂಪರ್ಕ ಕಡಿದುಹೋಗುವುದಿಲ್ಲ. ವೇಗವು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಮೊಬೈಲಿನ ಮೇಲ್ಭಾಗದಲ್ಲಿ 4ಜಿ ಅಥವಾ 5ಜಿ ಎಂಬ ಗುರುತು ಹಾಗೆಯೇ ಇರುವುದರಿಂದ ಬಳಕೆದಾರರಿಗೆ ಅನುಮಾನವೇ ಬರುವುದಿಲ್ಲ. ಈ ವೇಗದ ಅರ್ಥವೇನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಡತದ ಗಾತ್ರವನ್ನು ಬೈಟುಗಳಲ್ಲಿ, ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುವುದು ರೂಢಿ. 8 ಬಿಟ್‌ಗಳಿಗೆ ಒಂದು ಬೈಟ್. ಚಿತ್ರಗಳೆಲ್ಲ ಸೇರಿ 2 ಎಂಬಿ ಗಾತ್ರದ ಪುಟವೆಂದರೆ ಸುಮಾರು 16,000 ಕಿಲೋಬಿಟ್. ಇದನ್ನು 64ರಿಂದ ಭಾಗಿಸಿದರೆ 250 ಸೆಕೆಂಡು, ಅಂದರೆ ನಾಲ್ಕು ನಿಮಿಷಕ್ಕೂ ಮಿಗಿಲು. ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡಿನ ಕನಿಷ್ಠ ಮಟ್ಟವೆಂದು ನಿಗದಿಪಡಿಸಿತ್ತು. 2013ರಲ್ಲಿ ಅದನ್ನು 512 ಕಿಲೋಬಿಟ್‌ಗೂ, 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ಮಿತಿ ಮುಗಿದ ಮೊಬೈಲಿನ ವೇಗವು 2004ರ ಕನಿಷ್ಠ ಮಟ್ಟದ ಕಾಲು ಭಾಗ ಮಾತ್ರ. ಆದುದರಿಂದ ಅರ್ಜಿ ತುಂಬಲು ತೊಡಗುವ ಮೊದಲು ದೂರವಾಣಿ ಸಂಸ್ಥೆಯ ಆ್ಯಪ್‌ನಲ್ಲಿ ಅಂದಿನ ಉಳಿಕೆ ಡೇಟಾ ಎಷ್ಟಿದೆಯೆಂದು ಪರಿಶೀಲಿಸತಕ್ಕದ್ದು. ಮನೆಯ ಮಕ್ಕಳು ಅದೇ ಮೊಬೈಲಿನಲ್ಲಿ ವಿಡಿಯೊ ನೋಡುವವರಾಗಿದ್ದರೆ ಈ ಪರಿಶೀಲನೆ ಇನ್ನೂ ಅಗತ್ಯ.

ಪುಟಗಳು ಬೇಗನೆ ತೆರೆದುಕೊಂಡು, ದಾಖಲೆ ಲಗತ್ತಿಸುವಾಗ ಮಾತ್ರ ಕೆಲಸ ನಿಲ್ಲುವುದಾದರೆ ಕಾರಣ ಬೇರೆ. ತಾಮ್ರದ ದೂರವಾಣಿ ತಂತಿಯ ಮೂಲಕ ಬರುವ ಬ್ರಾಡ್‌ಬ್ಯಾಂಡಿನಲ್ಲಿಯೂ, ಸಂಕೇತ ದುರ್ಬಲವಾಗಿರುವ ಕಡೆ ಮೊಬೈಲಿನಲ್ಲಿಯೂ, ಕಡತಗಳನ್ನು ಇಳಿಸಿಕೊಳ್ಳುವ ವೇಗಕ್ಕಿಂತ ಏರಿಸುವ ವೇಗವು ಬಹಳ ಕಡಿಮೆಯಿರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ 4 ಎಂಬಿಯ ಒಂದು ಚಿತ್ರವು ಏರಲು, ವೇಗವು ಸೆಕೆಂಡಿಗೆ 1 ಮೆಗಾಬಿಟ್ ಇದ್ದಲ್ಲಿ, 32 ಸೆಕೆಂಡು ಬೇಕು. ಅಂತಹ ಐದು ದಾಖಲೆಗಳಿಗೆ ಎರಡೂವರೆ ನಿಮಿಷಕ್ಕೂ ಹೆಚ್ಚು. ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವಾಗ ಅಂಗಡಿಯವರು ಯಂತ್ರವನ್ನು 600 ಡಿಪಿಐ ಬಣ್ಣದ ಪ್ರತಿಗೆ ಹೊಂದಿಸಿಟ್ಟಿರುವುದುಂಟು. ಸಾಧಾರಣ ಪ್ರಮಾಣಪತ್ರವನ್ನು ಓದಲು 200 ಡಿಪಿಐ ಸಾಕು. 600ರಲ್ಲಿ ಸ್ಕ್ಯಾನ್ ಆದ ಪ್ರತಿಯಲ್ಲಿ 200ರ ಪ್ರತಿಗಿಂತ ಒಂಬತ್ತು ಪಟ್ಟು ಹೆಚ್ಚು ಬಿಂದುಗಳಿರುತ್ತವೆ. ಬಣ್ಣವು ಅಗತ್ಯವಿಲ್ಲದ ದಾಖಲೆಯನ್ನು ಕಪ್ಪು-ಬಿಳುಪಿನ ಛಾಯೆಯಲ್ಲಿ ಸ್ಕ್ಯಾನ್ ಮಾಡಿಸುವುದರಿಂದ ಗಾತ್ರ ಮತ್ತಷ್ಟು ತಗ್ಗುತ್ತದೆ. ಮೊಹರು ಮತ್ತು ಸಹಿ ಸ್ಪಷ್ಟವಾಗಿ ಕಾಣುತ್ತಿವೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿಕೊಳ್ಳಬೇಕು. ಗಾತ್ರ ಇಳಿಸುವ ಭರದಲ್ಲಿ ಮಸುಕಾದ ದಾಖಲೆ ಲಗತ್ತಿಸಿದರೆ ಅರ್ಜಿಯೇ ತಿರಸ್ಕೃತವಾಗಬಹುದು.

ವೈ-ಫೈ ಬಳಸುವವರು ಅರ್ಜಿ ಸಲ್ಲಿಸುವಷ್ಟು ಹೊತ್ತು ರೌಟರ್ ಇರುವ ಕೋಣೆಯಲ್ಲಿಯೇ ಕುಳಿತುಕೊಳ್ಳುವುದು ಒಳ್ಳೆಯದು. ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ಎರಡು ಕೋಣೆ ದಾಟುವಷ್ಟರಲ್ಲಿ ಸಂಕೇತ ಕ್ಷೀಣಿಸುತ್ತದೆ. ರೌಟರಿನ ವಿದ್ಯುತ್ತನ್ನು ಅರ್ಧ ನಿಮಿಷ ನಿಲ್ಲಿಸಿ ಮತ್ತೆ ಕೊಡುವ ಉಪಾಯವೂ ಅನೇಕ ವೇಳೆ ಫಲಿಸುತ್ತದೆ.

ವಿ.ಪಿ.ಎನ್. ತಂತ್ರಾಂಶ ಬಳಸುವವರು ಒಂದು ವಿಷಯ ಗಮನಿಸಬೇಕು. ಭಾರತದ ಕೆಲವು ಸರ್ಕಾರಿ ಜಾಲತಾಣಗಳು ಭದ್ರತೆಯ ದೃಷ್ಟಿಯಿಂದ ಹೊರದೇಶದ ವಿಳಾಸಗಳಿಂದ ಬರುವ ಕೋರಿಕೆಗಳಿಗೆ ಉತ್ತರಿಸುವುದಿಲ್ಲ. ಬೆಂಗಳೂರಿನಲ್ಲಿ ಕುಳಿತವರ ಕೋರಿಕೆಯೂ ವಿ.ಪಿ.ಎನ್. ಮೂಲಕ ಹೊರದೇಶದಿಂದ ಬಂದಂತೆ ಕಂಡರೆ ಪುಟ ಸುತ್ತುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಿದ ಕೂಡಲೆ ತೆರೆದುಕೊಳ್ಳುತ್ತದೆ. ವಿದೇಶದಲ್ಲಿ ನೆಲೆಸಿದ್ದು ಊರಿನ ಜಮೀನಿನ ದಾಖಲೆಗಾಗಿ ಪ್ರಯತ್ನಿಸುವವರಿಗೂ ಇದೇ ಕಾರಣದಿಂದ ಪುಟ ತೆರೆಯದಿರಬಹುದು. ಅಂತಹವರು ಬ್ರೌಸರನ್ನು ಬದಲಿಸುತ್ತ ಕೂರುವ ಬದಲು ಊರಿನಲ್ಲಿರುವ ಬಂಧುಗಳ ಮೂಲಕ ದಾಖಲೆ ಪಡೆಯುವುದು ಸುಲಭ.

ಬ್ರೌಸರ್ ಮತ್ತು ಯಂತ್ರದಲ್ಲಿ ತೊಂದರೆಯಿದ್ದಾಗ

ಪುಟ ನಿಧಾನವೆಂದು ಹೇಳಿದರೆ ಸಾಕು, "ಕ್ಯಾಷ್ ಕ್ಲಿಯರ್ ಮಾಡಿ" ಎಂಬ ಸಲಹೆ ಎಲ್ಲೆಡೆ ದೊರೆಯುತ್ತದೆ. ಕ್ಯಾಷ್ ಎಂದರೆ ಒಮ್ಮೆ ತರಿಸಿಕೊಂಡ ಚಿತ್ರಗಳನ್ನೂ ಕಡತಗಳನ್ನೂ ಬ್ರೌಸರ್ ತನ್ನಲ್ಲಿಯೇ ಇಟ್ಟುಕೊಂಡು ಮುಂದಿನ ಸಲ ಬಳಸುವ ಉಗ್ರಾಣ. ಇದು ಇರುವುದೇ ವೇಗಕ್ಕಾಗಿ. ಅದನ್ನು ಬರಿದು ಮಾಡಿದರೆ ಮುಂದಿನ ಸಲ ಎಲ್ಲವನ್ನೂ ಹೊಸದಾಗಿ ತರಿಸಬೇಕಾಗಿ ಪುಟವು ಇನ್ನಷ್ಟು ನಿಧಾನವಾಗುತ್ತದೆ. ಹಾಗಾದರೆ ಈ ಸಲಹೆ ತಪ್ಪೇ? ಪೂರ್ತಿ ತಪ್ಪಲ್ಲ. ಇಲಾಖೆಯು ಜಾಲತಾಣವನ್ನು ಪರಿಷ್ಕರಿಸಿದ ಮೇಲೂ ಅರ್ಜಿದಾರರ ಬ್ರೌಸರ್ ಹಳೆಯ ಕಡತವನ್ನೇ ಬಳಸುತ್ತಿದ್ದರೆ ಗುಂಡಿ ಒತ್ತಿದರೂ ಏನೂ ನಡೆಯದಿರುವುದು, ಜಿಲ್ಲೆ ಆಯ್ಕೆ ಮಾಡಿದರೂ ತಾಲ್ಲೂಕುಗಳ ಪಟ್ಟಿ ಬಾರದಿರುವುದು ಮುಂತಾದವು ಆಗುತ್ತವೆ. ಇದಕ್ಕೆ ಮೊದಲು ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿ ಆ ಒಂದು ಪುಟವನ್ನು ಮಾತ್ರ ಹೊಸದಾಗಿ ತರಿಸಿಕೊಳ್ಳಬೇಕು. ಅದರಿಂದ ಸರಿಹೋಗದಿದ್ದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಡಿಲೀಟ್ ಕೀಲಿಗಳಿಂದ ತೆರೆಯುವ ಪಟ್ಟಿಯಲ್ಲಿ "ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್" ಎಂಬುದೊಂದನ್ನೇ ಗುರುತಿಸಿ ಅಳಿಸತಕ್ಕದ್ದು. ಅದೇ ಪಟ್ಟಿಯಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಹೆಸರೂ ಇರುತ್ತದೆ. ಆತುರದಲ್ಲಿ ಎಲ್ಲವನ್ನೂ ಗುರುತಿಸಿ ಅಳಿಸಿದವರು ಅರ್ಜಿಯ ಖಾತೆಗೆ ಹೋಗುವ ದಾರಿಯನ್ನೇ ಕಳೆದುಕೊಳ್ಳುವುದುಂಟು.

ಖಾಸಗಿ ಕಿಟಕಿಯಲ್ಲಿ ಪುಟ ಚೆನ್ನಾಗಿ ತೆರೆದುಕೊಂಡವರ ಸಂದರ್ಭದಲ್ಲಿ ಬ್ರೌಸರಿಗೆ ಸೇರಿಕೊಂಡ ಎಕ್ಸ್‌ಟೆನ್ಷನ್‌ಗಳ ಮೇಲೆ ಸಂದೇಹಪಡುವುದು ಯುಕ್ತ. ರಿಯಾಯಿತಿ ಕೂಪನ್ ಹುಡುಕುವ, ವಿಡಿಯೊ ಇಳಿಸಿಕೊಡುವ, ಕಡತದ ರೂಪ ಬದಲಿಸಿಕೊಡುವ ಇಂತಹ ಸಣ್ಣ ತಂತ್ರಾಂಶಗಳಲ್ಲಿ ಹಲವು, ತೆರೆದ ಪ್ರತಿ ಪುಟವನ್ನೂ ಓದುತ್ತವೆ. ವೇಗದ ಮಾತು ಹಾಗಿರಲಿ, ಆಧಾರ್ ಸಂಖ್ಯೆ ತುಂಬುವ ಪುಟವನ್ನು ಅವು ಓದಬೇಕೇ ಎಂಬುದನ್ನು ಬಳಕೆದಾರರು ಯೋಚಿಸಬೇಕು. ಬೇಡದವುಗಳನ್ನು ತೆಗೆದುಹಾಕುವುದೇ ಲೇಸು. ಜಾಹೀರಾತು ತಡೆಯುವ ಮತ್ತು ಹೊಸ ಕಿಟಕಿಗಳನ್ನು ತಡೆಯುವ ವ್ಯವಸ್ಥೆಗಳಿಂದ ಮತ್ತೊಂದು ಬಗೆಯ ತೊಂದರೆಯಿದೆ. ಪಾವತಿಯ ಪುಟ ಅಥವಾ ರಸೀದಿಯು ಹೊಸ ಕಿಟಕಿಯಲ್ಲಿ ತೆರೆಯಬೇಕಿದ್ದಲ್ಲಿ ಬ್ರೌಸರ್ ಅದನ್ನು ತಡೆದು, ವಿಳಾಸ ಪಟ್ಟಿಯ ಬಲತುದಿಯಲ್ಲಿ ಸಣ್ಣ ಗುರುತೊಂದನ್ನು ಮಾತ್ರ ತೋರಿಸುತ್ತದೆ. ಗುರುತನ್ನು ಗಮನಿಸದವರಿಗೆ ಪುಟವು ಸ್ತಬ್ಧವಾದಂತೆ ಕಾಣುತ್ತದೆ. ಅದನ್ನು ಒತ್ತಿ ಆ ಜಾಲತಾಣಕ್ಕೆ ಮಾತ್ರ ಅನುಮತಿ ನೀಡಬಹುದು.

ಹಳೆಯ ಯಂತ್ರಗಳ ವಿಷಯ ಪ್ರತ್ಯೇಕ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿಗೆ ನೀಡುತ್ತಿದ್ದ ಬೆಂಬಲವನ್ನು ಅದರ ತಯಾರಕರು 2022ರ ಜೂನ್ 15ರಂದು ಅಂತ್ಯಗೊಳಿಸಿದರು. ವಿಂಡೋಸ್ 7 ಮತ್ತು 8.1 ಹೊಂದಿರುವ ಗಣಕಯಂತ್ರಗಳಿಗೆ ದೊರೆತ ಕ್ರೋಮ್ ಬ್ರೌಸರಿನ ಕೊನೆಯ ಆವೃತ್ತಿ 109, ಅದು 2023ರ ಜನವರಿಯಲ್ಲಿ ಬಿಡುಗಡೆಯಾದದ್ದು. ಹೊಸ ಪುಟಗಳಲ್ಲಿ ಬಳಸಲಾದ ಕೆಲವು ಸೌಲಭ್ಯಗಳು ಇವುಗಳಿಗೆ ಅರ್ಥವಾಗುವುದಿಲ್ಲ. ಕಾಯುವುದರಿಂದ ಅರ್ಥವಾಗುವುದೂ ಇಲ್ಲ. ಜಾಲತಾಣಗಳ ಹಳೆಯ ಪುಟಗಳ ಅಡಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ 1024 × 768 ಅಳತೆಯ ಪರದೆಯಲ್ಲಿ ವೀಕ್ಷಿಸುವುದು ಉತ್ತಮ ಎಂಬ ಸಾಲು ಕಂಡುಬಂದಲ್ಲಿ ಅದನ್ನು ಇಂದು ಅನುಸರಿಸಬೇಕಿಲ್ಲ. ಇಂತಹ ಗಣಕಯಂತ್ರವಿರುವವರು ಆ ಒಂದು ಅರ್ಜಿಯ ಮಟ್ಟಿಗೆ ಮೊಬೈಲಿನ ಬ್ರೌಸರನ್ನು ಬಳಸುವುದು ಅಥವಾ ಸಮೀಪದ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಕ್ಕೆ ಹೋಗುವುದು ಸೂಕ್ತ.

ಬಹಳ ದಿನ ಬಳಸದ ಗಣಕಯಂತ್ರದ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದರೆ ಯಂತ್ರದ ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದು ಬ್ರೌಸರ್ ಭಾವಿಸಿ ಪುಟವನ್ನು ತೆರೆಯಲು ನಿರಾಕರಿಸುತ್ತದೆ. ಪರದೆಯ ಮೂಲೆಯ ದಿನಾಂಕವನ್ನು ಸರಿಪಡಿಸಿದರೆ ಸಾಕು. ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯುವ ಗುಂಡಿಯನ್ನು ಒತ್ತಬಾರದು.

ಎಲ್ಲ ಜಾಲತಾಣಗಳೂ ನಿಧಾನವಾಗಿದ್ದು, ಮೌಸ್ ಚಲನೆಯೂ ತಡೆತಡೆದು ಸಾಗುತ್ತಿದ್ದರೆ ಯಂತ್ರದ ಸ್ಮೃತಿಯು ತುಂಬಿದೆಯೆಂದು ತಿಳಿಯಬೇಕು. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿದರೆ ಯಾವ ಟ್ಯಾಬ್ ಎಷ್ಟು ಸ್ಮೃತಿಯನ್ನು ಬಳಸುತ್ತಿದೆಯೆಂಬ ಪಟ್ಟಿ ತೆರೆಯುತ್ತದೆ. 4 ಜಿಬಿ ಸ್ಮೃತಿಯ ಯಂತ್ರದಲ್ಲಿ ಇಪ್ಪತ್ತು ಟ್ಯಾಬ್‌ಗಳನ್ನು ತೆರೆದಿಟ್ಟು ಅರ್ಜಿ ತುಂಬುವುದು ಕಷ್ಟ. ಪುಟದ ಚೌಕಟ್ಟು ಬಂದು ಕನ್ನಡ ಅಕ್ಷರಗಳು ಮಾತ್ರ ಎರಡು ಮೂರು ಸೆಕೆಂಡು ತಡವಾಗಿ ಮೂಡುವುದು ದೋಷವಲ್ಲ. ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರಿದ ಕನ್ನಡ ಲಿಪಿಯ ಕಡತವು ದೊಡ್ಡದಿದ್ದು, ಅದು ಬರುವವರೆಗೆ ಬ್ರೌಸರ್ ಕ್ಷಣಕಾಲ ಕಾಯುತ್ತದೆ.

ಶುಲ್ಕ ಪಾವತಿಯ ಸಮಯದಲ್ಲಿ ಪುಟ ನಿಂತುಹೋದಾಗ

ಇಲ್ಲಿಯವರೆಗೆ ವಿವರಿಸಿದ ತೊಂದರೆಗಳಲ್ಲಿ ನಷ್ಟವಾಗುವುದು ಸಮಯ ಮಾತ್ರ. ಪಾವತಿಯ ಹಂತದಲ್ಲಿ ಹಣವೂ ಹೋಗಬಹುದಾದ್ದರಿಂದ ವಿಶೇಷ ಎಚ್ಚರಿಕೆ ಅಗತ್ಯ.

ಅರ್ಜಿದಾರರು ಪಾವತಿಸು ಎಂಬ ಗುಂಡಿಯನ್ನು ಒತ್ತಿದಾಗ ಇಲಾಖೆಯ ಜಾಲತಾಣವು ಅವರನ್ನು ಪಾವತಿ ಸಂಸ್ಥೆಯ ಪುಟಕ್ಕೆ, ಅದು ಬ್ಯಾಂಕಿನ ಪುಟಕ್ಕೆ ಅಥವಾ ಯುಪಿಐ ಆ್ಯಪ್‌ಗೆ ಕಳುಹಿಸುತ್ತದೆ. ಬ್ಯಾಂಕು ಹಣವನ್ನು ಕಡಿತಗೊಳಿಸಿದ ಬಳಿಕ ಆ ಸುದ್ದಿ ಅದೇ ದಾರಿಯಲ್ಲಿ ಇಲಾಖೆಗೆ ಮರಳಬೇಕು. ಹಣ ಕಡಿತವಾಗಿ ಸುದ್ದಿ ಮಾತ್ರ ನಡುದಾರಿಯಲ್ಲಿ ಉಳಿದರೆ ಬ್ಯಾಂಕಿನ ಸಂದೇಶವು ಮೊಬೈಲಿಗೆ ಬಂದಿರುತ್ತದೆ, ಇಲಾಖೆಯ ಪುಟದಲ್ಲಿ ಪಾವತಿ ಆಗಿಲ್ಲವೆಂದೇ ತೋರುತ್ತದೆ. ಈ ಗಳಿಗೆಯಲ್ಲಿ ರಿಫ್ರೆಶ್ ಅಥವಾ ಹಿಂದೆ ಎಂಬ ಗುಂಡಿ ಒತ್ತುವುದು, ಗಾಬರಿಯಿಂದ ಎರಡನೆಯ ಸಲ ಪಾವತಿಸುವುದು ಸರ್ವಥಾ ಕೂಡದು.

ಮೊದಲು ಮಾಡಬೇಕಾದದ್ದು ಬ್ಯಾಂಕಿನ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆಯನ್ನೂ ವೇಳೆಯನ್ನೂ ಬರೆದುಕೊಳ್ಳುವುದು. ಅನಂತರ ಸ್ವಲ್ಪ ಸಮಯ ಬಿಟ್ಟು ಹೊಸದಾಗಿ ಲಾಗಿನ್ ಆಗಿ ಅದೇ ಅರ್ಜಿಯ ಸ್ಥಿತಿಯನ್ನು ನೋಡತಕ್ಕದ್ದು. ಪಾವತಿಯನ್ನು ಪರಿಶೀಲಿಸುವ ಗುಂಡಿಯಿದ್ದಲ್ಲಿ ಅದನ್ನು ಬಳಸಬೇಕು. ಅದು ಹೊಸ ಪಾವತಿ ಮಾಡುವುದಿಲ್ಲ, ಹಳೆಯ ಪಾವತಿಯ ಸುದ್ದಿಯನ್ನು ಮತ್ತೆ ವಿಚಾರಿಸುತ್ತದೆ. ಖಜಾನೆ-2 ಚಲನ್ ಮೂಲಕ ಪಾವತಿಸಿದವರು ಚಲನ್ ಸಂಖ್ಯೆಯ ಸ್ಥಿತಿಯನ್ನು ಖಜಾನೆಯ ಜಾಲತಾಣದಲ್ಲಿಯೇ ನೋಡಬಹುದು. ಹಣವು ಸರ್ಕಾರದ ಖಾತೆಗೆ ಜಮೆಯಾಗಿದ್ದಲ್ಲಿ ಅದೇ ಚಲನ್ ಅರ್ಜಿಗೆ ಸಲ್ಲುತ್ತದೆ, ಮತ್ತೊಂದು ಪಾವತಿ ಬೇಕಿಲ್ಲ.

ಜಮೆಯಾಗದೆ ಕಡಿತ ಮಾತ್ರ ಆಗಿದ್ದರೆ ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯು ಗ್ರಾಹಕರ ನೆರವಿಗೆ ಬರುತ್ತದೆ. ಅಂತರ್ಜಾಲದಲ್ಲಿ ಕಾರ್ಡ್ ಮೂಲಕ ಅಥವಾ ಯುಪಿಐ ಮೂಲಕ ಮಾಡಿದ ಪಾವತಿಯಲ್ಲಿ ಖಾತೆಯಿಂದ ಹಣ ಕಡಿತವಾಗಿ, ಪಡೆಯುವವರಿಗೆ ಖಚಿತತೆಯು ತಲುಪದಿದ್ದಲ್ಲಿ, ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣವು ತಾನಾಗಿಯೇ ಖಾತೆಗೆ ಮರಳಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ನೀಡಬೇಕು. ಐದು ದಿನ ಕಳೆದ ಮೇಲೂ ಹಣ ಬಾರದಿದ್ದಲ್ಲಿ ಬರೆದಿಟ್ಟುಕೊಂಡ ವ್ಯವಹಾರ ಸಂಖ್ಯೆಯೊಂದಿಗೆ ತಮ್ಮ ಬ್ಯಾಂಕಿಗೆ ದೂರು ಸಲ್ಲಿಸತಕ್ಕದ್ದು. ಅರ್ಜಿಯ ಕೊನೆಯ ದಿನವು ಈ ಐದು ದಿನಗಳ ಒಳಗೇ ಬರುವುದಾದರೆ, ಚಲನ್ ಅಥವಾ ಪಾವತಿಯ ಸ್ಥಿತಿಯನ್ನು ಪರಿಶೀಲಿಸಿ ವಿಫಲವೆಂದು ದೃಢಪಟ್ಟ ಬಳಿಕ ಎರಡನೆಯ ಪಾವತಿ ಮಾಡುವುದು ಅನಿವಾರ್ಯವಾಗಬಹುದು. ಮೊದಲನೆಯ ಹಣ ಮರಳುವವರೆಗೆ ಎರಡೂ ಸಂಖ್ಯೆಗಳನ್ನು ಜೋಪಾನವಾಗಿಡಬೇಕು.

ಅರ್ಜಿ ಸಲ್ಲಿಕೆಯಾಗಿದೆಯೇ ಎಂಬುದಕ್ಕೆ ಪರದೆಯು ಪ್ರಮಾಣವಲ್ಲ, ಸ್ವೀಕೃತಿ ಸಂಖ್ಯೆಯೇ ಪ್ರಮಾಣ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿದಾರರಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಕಾಲಮಿತಿಯಲ್ಲಿ ಸೇವೆ ದೊರೆಯದಿದ್ದರೆ ಮೇಲ್ಮನವಿ ಸಲ್ಲಿಸಲು ಬೇಕಾಗುವುದೂ ಇದೇ ಸಂಖ್ಯೆ. ಪುಟ ನಿಂತುಹೋದಾಗ "ಬಹುಶಃ ಹೋಗಿರಬೇಕು" ಎಂದು ಗಣಕಯಂತ್ರವನ್ನು ಆರಿಸಿದವರು, ತಿಂಗಳು ಕಳೆದು ವಿಚಾರಿಸಿದಾಗ ಅರ್ಜಿಯೇ ಸಲ್ಲಿಕೆಯಾಗಿಲ್ಲವೆಂದು ತಿಳಿದು ಪರಿತಪಿಸುವಂತಾಗಬಾರದು.

ವಂಚಕರ ಬಗ್ಗೆ ಎಚ್ಚರಿಕೆ

ಪುಟ ನಿಧಾನವಾಗಿದೆಯೆಂದು ಬೇಸತ್ತವರನ್ನು ಗುರಿಯಾಗಿಸಿಕೊಂಡು, ಯಂತ್ರದ ವೇಗ ಹೆಚ್ಚಿಸುತ್ತೇವೆಂಬ ಜಾಹೀರಾತುಗಳೂ, ಸಹಾಯವಾಣಿಯ ಸೋಗಿನಲ್ಲಿ ಕರೆ ಮಾಡಿ ಪರದೆ ಹಂಚಿಕೊಳ್ಳುವ ಆ್ಯಪ್ ಅಳವಡಿಸಲು ಹೇಳುವವರೂ ಇದ್ದಾರೆ. ಅಂತಹ ಆ್ಯಪ್ ತೆರೆದಿರುವಾಗ ಮೊಬೈಲಿಗೆ ಬಂದ ಓಟಿಪಿಯು ಆ ಕಡೆಯವರಿಗೂ ಕಾಣುತ್ತದೆ. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ದೂರು ಸಲ್ಲಿಸುವಾಗ ನೀಡಬೇಕಾದ ವಿವರಗಳು

ಮೇಲ್ಕಂಡ ಪರೀಕ್ಷೆಗಳ ನಂತರ ತೊಂದರೆಯು ಇಲಾಖೆಯ ಜಾಲತಾಣದಲ್ಲಿಯೇ ಇದೆಯೆಂದು ಕಂಡುಬಂದಲ್ಲಿ ಆಯಾ ಜಾಲತಾಣದ ಸಹಾಯವಾಣಿಗೆ ದೂರು ನೀಡಬಹುದು. "ಸೈಟ್ ಓಪನ್ ಆಗುತ್ತಿಲ್ಲ" ಎಂಬ ಒಂದು ಸಾಲಿನ ದೂರಿನಿಂದ ತಾಂತ್ರಿಕ ಸಿಬ್ಬಂದಿಗೆ ಏನೂ ತಿಳಿಯುವುದಿಲ್ಲ. ಯಾವ ಸೇವೆಯ ಯಾವ ಪುಟ, ಯಾವ ದಿನಾಂಕ ಮತ್ತು ವೇಳೆ, ಬಳಸಿದ ಬ್ರೌಸರ್ ಮತ್ತು ಅದರ ಆವೃತ್ತಿ, ಪರದೆಯಲ್ಲಿ ಕಂಡ ದೋಷದ ಸಂಖ್ಯೆ, ಬೇರೆ ಸಂಪರ್ಕದಲ್ಲಿ ಪ್ರಯತ್ನಿಸಿದಾಗ ಏನಾಯಿತು ಎಂಬಿಷ್ಟನ್ನು ತಿಳಿಸಿದರೆ ಸರ್ವರಿನ ದಾಖಲೆಯಲ್ಲಿ ಆ ಕೋರಿಕೆಯನ್ನು ಹುಡುಕಲು ಅನುಕೂಲವಾಗುತ್ತದೆ. ದೋಷ ಕಾಣಿಸಿದ ಕ್ಷಣದಲ್ಲಿಯೇ ಕೀಲಿಮಣೆಯ ಪ್ರಿಂಟ್ ಸ್ಕ್ರೀನ್ ಕೀಲಿಯಿಂದ ಪರದೆಯ ಚಿತ್ರ ತೆಗೆದಿಟ್ಟುಕೊಂಡು ಲಗತ್ತಿಸಬಹುದು. ಆ ಚಿತ್ರದಲ್ಲಿ ಆಧಾರ್ ಸಂಖ್ಯೆ ಅಥವಾ ಬ್ಯಾಂಕ್ ಖಾತೆಯ ಸಂಖ್ಯೆ ಕಾಣುತ್ತಿದ್ದಲ್ಲಿ ಕಳುಹಿಸುವ ಮೊದಲು ಅದನ್ನು ಮರೆಮಾಡತಕ್ಕದ್ದು.